ಯುಎಸ್‌ಡಿಟಿ ಕೊಳ್ಳುವ ಮುಂಚೆ: ಸ್ಟೇಬಲ್‌ಕಾಯಿನ್‌ಗೆ ನಮ್ಮ ದೇಶದ ಕಾನೂನು, ತೆರಿಗೆ, ಮತ್ತು ಕಾಗದಪತ್ರದ ಲೆಕ್ಕ

"ಇದು ಡಾಲರ್ ತಾನೇ? ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದಕ್ಕೆಂಥ ತೆರಿಗೆ?" ಯುಎಸ್‌ಡಿಟಿ, ಯುಎಸ್‌ಡಿಸಿಯಂಥ ಸ್ಟೇಬಲ್‌ಕಾಯಿನ್, ಅಂದರೆ ಬೆಲೆಯನ್ನು ಒಂದು ಡಾಲರ್‌ಗೆ ಕಟ್ಟಿಹಾಕಿದ ಕ್ರಿಪ್ಟೋ ನಾಣ್ಯ, ಕೊಳ್ಳಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನಿಮ್ಮ ಮಟ್ಟಿಗೆ ಅದು ಡಾಲರ್ ಇರಬಹುದು. ಆದಾಯ ತೆರಿಗೆ ಇಲಾಖೆಯ ಮಟ್ಟಿಗೆ ಅಲ್ಲ. ಬಿಟ್‌ಕಾಯಿನ್ ಯಾವ ಸಾಲಿನಲ್ಲಿ ನಿಂತಿದೆಯೋ ಅದೇ ಸಾಲಿನಲ್ಲಿ ಇದನ್ನೂ ನಿಲ್ಲಿಸಿದ್ದಾರೆ, ಒಂದು ರೂಪಾಯಿಯ ರಿಯಾಯಿತಿಯೂ ಇಲ್ಲದೆ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕೊಳ್ಳಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಆದರೆ ಯಾಕೆ ಕೊಳ್ಳುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು. "ಸುಮ್ನೆ ಡಾಲರ್‌ನಲ್ಲಿ ಇಟ್ಟಿರೋಣ" ಅನ್ನುವ ಉದ್ದೇಶವಾದರೆ ಕೆಳಗಿನ ಲೆಕ್ಕ ನೋಡಿದ ಮೇಲೆ ಮನಸ್ಸು ಬದಲಾದರೂ ಆಶ್ಚರ್ಯವಿಲ್ಲ.

ಇಟ್ಟುಕೊಳ್ಳುವುದು ಅಪರಾಧವೇ?

ಅಲ್ಲ. ಆದರೆ ಹಣವೂ ಅಲ್ಲ. ಅಂಗಡಿಯವನು ಯುಎಸ್‌ಡಿಟಿ ತಗೊಳ್ಳಲ್ಲ ಅಂದರೆ ನೀವು ಏನೂ ಮಾಡುವ ಹಾಗಿಲ್ಲ, ಯಾಕೆಂದರೆ ಅದು ಕಾನೂನು ಒಪ್ಪಿದ ಚಲಾವಣೆಯ ನಾಣ್ಯವಲ್ಲ. ಸ್ಟೇಬಲ್‌ಕಾಯಿನ್‌ಗೆಂದೇ ಮಾಡಿದ ಕಾಯ್ದೆ ನಮ್ಮಲ್ಲಿ ಇಲ್ಲ. ಯುರೋಪಿನಲ್ಲಿ ಮೈಕಾ ನಿಯಮಗಳು 2024ರ ಜೂನ್ 30ರಿಂದ ಇವಕ್ಕೆ ಅನ್ವಯಿಸುತ್ತಿವೆ, ಅಮೆರಿಕ 2025ರ ಜುಲೈನಲ್ಲಿ ಜೀನಿಯಸ್ ಆಕ್ಟ್ ಮಾಡಿಕೊಂಡಿತು. ನಮ್ಮಲ್ಲಿ ಮೊದಲು ಬಂದದ್ದು ತೆರಿಗೆ. ಆಮೇಲೆ ಬಂದದ್ದು ಅಕ್ರಮ ಹಣ ತಡೆ ಕಾಯ್ದೆಯ ಕಣ್ಗಾವಲು. ಗ್ರಾಹಕನಿಗೆ ರಕ್ಷಣೆ ಕೊಡುವ ಕಾನೂನು ಇನ್ನೂ ಬಂದಿಲ್ಲ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಎಟಿಎಂ ಥರದ ಒಂದು ಬಿಟ್‌ಕಾಯಿನ್ ಯಂತ್ರ ಇಟ್ಟರು. ಕೆಲವೇ ದಿನದಲ್ಲಿ ಪೊಲೀಸರು ಬಂದು ಹೊತ್ತುಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2021ರ ಮೇ 31ರಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ "ಆ ಹಳೆಯ ಸುತ್ತೋಲೆಯ ಹೆಸರು ಹೇಳಬೇಡಿ, ಆದರೆ ಕೆವೈಸಿ ಮತ್ತು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಬಿಡಬೇಡಿ" ಎಂಬರ್ಥದಲ್ಲಿ ಬರೆಯಿತು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಕ್ರಿಪ್ಟೋ ಕೂಡ ಆಸ್ತಿಯೇ ಎಂದಿತು. ಅಂದರೆ ನಿಮ್ಮ ಬಳಿ ಇರುವುದು ಆಸ್ತಿ. ಹಣವಲ್ಲ, ವಿದೇಶಿ ಕರೆನ್ಸಿಯೂ ಅಲ್ಲ.

ಮುಂದೇನಾಗುತ್ತದೆ ಅಂದರೆ, ಮೇಲಿನವರಲ್ಲೇ ಒಂದೇ ಧ್ವನಿ ಇಲ್ಲ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ಅಕ್ಟೋಬರ್‌ನಲ್ಲಿ, ಇಷ್ಟವಿರಲಿ ಇಲ್ಲದಿರಲಿ ಇಂಥ ಬದಲಾವಣೆಗೆ ಸಿದ್ಧವಾಗಲೇಬೇಕು ಎಂಬರ್ಥದ ಮಾತಾಡಿದರು. ರಿಸರ್ವ್ ಬ್ಯಾಂಕ್ ಮಾತ್ರ ತಾನೇ ಹೊರಡಿಸುವ ಡಿಜಿಟಲ್ ರೂಪಾಯಿ, ಅಂದರೆ ಇ-ರೂಪಾಯಿಯೇ ಸಾಕು ಎನ್ನುವ ಪಕ್ಷ. ಇ-ರೂಪಾಯಿ ಸಾಮಾನ್ಯರ ಕೈಗೆ ಬಂದದ್ದು 2022ರ ಡಿಸೆಂಬರ್ 1ರಂದು, ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ಅದು ಭಾರತದ ಕರೆನ್ಸಿ, ಆದ್ದರಿಂದ ಈ ಬರಹದಲ್ಲಿ ಹೇಳುವ ತೆರಿಗೆ ಯಾವುದೂ ಅದಕ್ಕೆ ಬರುವುದಿಲ್ಲ. ಎರಡೂ ಫೋನಿನಲ್ಲೇ ಇರುತ್ತವೆ ಅಂತ ಒಂದೇ ಅಂದುಕೊಳ್ಳಬೇಡಿ.

ಎಲ್ಲಿ ಕೊಳ್ಳಬೇಕು

2023ರ ಮಾರ್ಚ್ 7ರಂದು ಕೇಂದ್ರ ಸರ್ಕಾರ ಕ್ರಿಪ್ಟೋ ವಿನಿಮಯ ಕೇಂದ್ರಗಳನ್ನು, ಅಂದರೆ ಎಕ್ಸ್‌ಚೇಂಜ್‌ಗಳನ್ನು, ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ತಂದಿತು. ಅಂದಿನಿಂದ ಭಾರತದವರಿಗೆ ಸೇವೆ ಕೊಡುವ ಎಕ್ಸ್‌ಚೇಂಜ್, ಸರ್ಕಾರದ ಹಣಕಾಸು ಗುಪ್ತಚರ ಘಟಕವಾದ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಲೇಬೇಕು. ಎಲ್ಲರೂ ಇದನ್ನು ಎಫ್‌ಐಯು ಅನ್ನುತ್ತಾರೆ. ಹೊರದೇಶದ ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2023ರ ಡಿಸೆಂಬರ್ ಕೊನೆಗೆ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಯಿತು. 2024ರ ಜೂನ್‌ನಲ್ಲಿ ಬೈನಾನ್ಸ್‌ಗೆ 18.82 ಕೋಟಿ ರೂಪಾಯಿ ದಂಡ ಬಿತ್ತು, 2025ರ ಜನವರಿಯಲ್ಲಿ ಬೈಬಿಟ್‌ಗೆ 9.27 ಕೋಟಿ.

ನಿಮ್ಮ ಕೆಲಸ ಇಷ್ಟೇ: ಹಣ ಹಾಕುವ ಮುಂಚೆ ಆ ಎಕ್ಸ್‌ಚೇಂಜ್ ಎಫ್‌ಐಯು ನೋಂದಣಿ ಪಡೆದಿದೆಯೇ ನೋಡಿ. ಪ್ಯಾನ್ ಕೇಳದೆ, ಆಧಾರ್ ಕೇಳದೆ, ಬರೀ ಇಮೇಲ್ ಕೊಟ್ಟರೆ ಸಾಕು ಎನ್ನುವ ಆ್ಯಪ್ ಕಂಡರೆ ಅಲ್ಲೇ ಮುಚ್ಚಿ ಬನ್ನಿ. ಇನ್ನೊಂದು ವಿಷಯ. ನೋಂದಣಿ ಇದೆ ಅಂದರೆ ಸರ್ಕಾರ ನಿಮ್ಮ ಹಣಕ್ಕೆ ಜಾಮೀನು ನಿಂತಿದೆ ಅಂತಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳವಾಯಿತು, ಗ್ರಾಹಕರು ತಿಂಗಳುಗಟ್ಟಲೆ ಕಾದರು. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಇಲ್ಲಿ ಅಂಥದ್ದೇನೂ ಇಲ್ಲ.

ಎಕ್ಸ್‌ಚೇಂಜ್ ಖಾತೆಗೆ ಹಣ ಹಾಕುವಾಗ ನಿಮ್ಮ ಹೆಸರಿನ ಖಾತೆಯಿಂದಲೇ ಹಾಕಿ. ಹೆಂಡತಿ ಖಾತೆ, ಅಣ್ಣನ ಖಾತೆ, ಗೆಳೆಯನ ಯುಪಿಐ, ಇದೆಲ್ಲ ಬೇಡ. ಕ್ರಿಪ್ಟೋ ವ್ಯವಹಾರಕ್ಕೆಂದೇ ಒಂದು ಪ್ರತ್ಯೇಕ ಉಳಿತಾಯ ಖಾತೆ ಇಟ್ಟರೆ ಒಳ್ಳೆಯದು. ಸಂಬಳ ಬರುವ, ಇಎಂಐ ಕಟ್ಟುವ ಖಾತೆ ಇದರಲ್ಲಿ ಸೇರಬಾರದು. ಯಾಕೆ ಅನ್ನುವುದು ಪಿ2ಪಿ ಭಾಗಕ್ಕೆ ಬಂದಾಗ ತಿಳಿಯುತ್ತದೆ.

30, 1, ಮತ್ತು ಸೊನ್ನೆ

ಈ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ. ಲಾಭದ ಮೇಲೆ ಶೇ. 30 ತೆರಿಗೆ. ಮಾರಾಟದ ಮೊತ್ತದ ಮೇಲೆ ಶೇ. 1 ಟಿಡಿಎಸ್, ಅಂದರೆ ಹಣ ಕೈಗೆ ಬರುವ ಮುಂಚೆಯೇ ಆಗುವ ತೆರಿಗೆ ಕಡಿತ. ನಷ್ಟಕ್ಕೆ ಸಿಗುವ ಪರಿಹಾರ ಸೊನ್ನೆ.

ಶೇ. 30 ತೆರಿಗೆ 2022ರ ಏಪ್ರಿಲ್ 1ರಿಂದ ಇದೆ, 115ಬಿಬಿಎಚ್ ಸೆಕ್ಷನ್. ಅದರ ಮೇಲೆ ಶೇ. 4 ಸೆಸ್ ಸೇರಿ 31.2 ಆಗುತ್ತದೆ. ಟಿಡಿಎಸ್ 2022ರ ಜುಲೈ 1ರಿಂದ, 194ಎಸ್ ಸೆಕ್ಷನ್. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ, ಆದರೆ 30 ಮತ್ತು 1 ಹಾಗೇ ಕೂತಿವೆ. ಆಡಿಟರ್‌ಗಳ ಬಾಯಲ್ಲಿ ಇನ್ನೂ ಹಳೆಯ ನಂಬರೇ ಓಡಾಡುತ್ತಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

"ಯುಎಸ್‌ಡಿಟಿಗೆ ಲಾಭ ಎಲ್ಲಿಂದ ಬರುತ್ತದೆ?" ಅಂದರೆ, ರೂಪಾಯಿಯಿಂದ ಬರುತ್ತದೆ. ನಾಣ್ಯ ಒಂದು ಡಾಲರ್‌ನಲ್ಲೇ ನಿಂತಿರಬಹುದು, ಆದರೆ ನಿಮ್ಮ ತೆರಿಗೆ ಲೆಕ್ಕ ರೂಪಾಯಿಯಲ್ಲಿ. 2022ರ ಆರಂಭದಲ್ಲಿ ಡಾಲರ್ 75 ರೂಪಾಯಿ ಆಸುಪಾಸಿನಲ್ಲಿತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಂದು ಕೊಂಡು ಇಂದು ಮಾರಿದವನು ಡಾಲರ್ ಲೆಕ್ಕದಲ್ಲಿ ಬಿಡಿಗಾಸು ಗಳಿಸಿಲ್ಲ, ಆದರೂ ಪ್ರತಿ ನಾಣ್ಯದ ಮೇಲೆ ಹತ್ತಾರು ರೂಪಾಯಿಗೆ ತೆರಿಗೆ ಕಟ್ಟಬೇಕು.

ಒಂದು ಲೆಕ್ಕ ಕೂತು ಮಾಡೋಣ. 88 ರೂಪಾಯಿಯಂತೆ 1,000 ಯುಎಸ್‌ಡಿಟಿ ಕೊಂಡಿರಿ: 88,000. ವರ್ಷ ಬಿಟ್ಟು 91ಕ್ಕೆ ಮಾರಿದಿರಿ: 91,000. ಲಾಭ 3,000. ತೆರಿಗೆ 900, ಸೆಸ್ 36, ಒಟ್ಟು 936. ಎಕ್ಸ್‌ಚೇಂಜ್ ಶುಲ್ಕ ಎರಡೂ ಸಲ ಅರ್ಧ ಶೇಕಡಾ ಅಂದುಕೊಳ್ಳಿ: 440 ಮತ್ತು 455. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ: 161. ಈ ಶುಲ್ಕವನ್ನು ಖರ್ಚು ಅಂತ ತೋರಿಸಿ ತೆರಿಗೆ ಇಳಿಸಿಕೊಳ್ಳುವ ಹಾಗಿಲ್ಲ. ಕಾನೂನು ಕೊಂಡ ಬೆಲೆಯೊಂದನ್ನು ಮಾತ್ರ ಕಳೆಯಲು ಬಿಡುತ್ತದೆ. ಹೀಗೆ 3,000ದಲ್ಲಿ ಕೈಗೆ ಉಳಿಯುವುದು ಸುಮಾರು 1,008 ರೂಪಾಯಿ. ಅದೇ 88,000ವನ್ನು ಶೇ. 6.5 ಬಡ್ಡಿಯ ಎಫ್‌ಡಿಯಲ್ಲಿ ಇಟ್ಟಿದ್ದರೆ 5,720 ಬರುತ್ತಿತ್ತು, ಸ್ಲ್ಯಾಬ್ ಪ್ರಕಾರ ತೆರಿಗೆ ಕಟ್ಟಿದ ಮೇಲೂ ಹೆಚ್ಚೇ. ರೂಪಾಯಿ ಬೀಳುತ್ತದೆ, ಡಾಲರ್‌ನಲ್ಲಿ ಇಟ್ಟರೆ ಜಾಣತನ ಅನ್ನುವವರು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬೇಕು.

ಇದೇ ಮಾರಾಟದಲ್ಲಿ ಟಿಡಿಎಸ್ ಅಂತ 910 ರೂಪಾಯಿ ಮೊದಲೇ ಕಡಿತವಾಗಿರುತ್ತದೆ. ಅದು ಹೆಚ್ಚುವರಿ ತೆರಿಗೆ ಅಲ್ಲ. ನೀವು ಕಟ್ಟಬೇಕಾದ 936ರಲ್ಲಿ ಅದು ಜಮೆಯಾಗುತ್ತದೆ, ಉಳಿದ 26 ರೂಪಾಯಿ ಕಟ್ಟಿದರಾಯಿತು. ಲಾಭವೇ ಇಲ್ಲದಿದ್ದರೆ ರಿಟರ್ನ್ ತುಂಬಿ ಟಿಡಿಎಸ್ ವಾಪಸ್ ಪಡೆಯಬಹುದು. ರಿಟರ್ನ್ ತುಂಬದಿದ್ದರೆ ಆ ದುಡ್ಡು ಹೋದ ಹಾಗೆಯೇ.

ಸಣ್ಣ ಆದಾಯದವರು ಎಡವುವ ಜಾಗ ಇನ್ನೊಂದಿದೆ. "ನನಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ" ಅನ್ನುವ ವಿದ್ಯಾರ್ಥಿ, ಗೃಹಿಣಿ, ಇವರಿಗೂ ಕ್ರಿಪ್ಟೋ ಲಾಭದ ಮೊದಲ ರೂಪಾಯಿಯಿಂದಲೇ ಶೇ. 30. ಮೂಲ ವಿನಾಯಿತಿ ಮಿತಿ ಇದಕ್ಕೆ ತಾಗುವುದಿಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುತ್ತಾರಲ್ಲ, ಆ ರಿಯಾಯಿತಿಯೂ ಇಂಥ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ.

ಇನ್ನು ಸೊನ್ನೆಯ ವಿಷಯ. ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ಯುಎಸ್‌ಡಿಟಿ ಬೆಲೆ ಬ್ಯಾಂಕಿನ ಡಾಲರ್ ದರಕ್ಕಿಂತ ಸಾಮಾನ್ಯವಾಗಿ ಕೆಲವು ರೂಪಾಯಿ ಜಾಸ್ತಿ ಇರುತ್ತದೆ. ಬೇಡಿಕೆ ಇಳಿದಾಗ ಆ ಅಂತರ ಕುಗ್ಗುತ್ತದೆ. 92ಕ್ಕೆ ಕೊಂಡು 90ಕ್ಕೆ ಮಾರಿದರೆ ಸಾವಿರ ನಾಣ್ಯಕ್ಕೆ 2,000 ನಷ್ಟ. ಅದೇ ವರ್ಷ ಬಿಟ್‌ಕಾಯಿನ್‌ನಲ್ಲಿ 3,000 ಲಾಭ ಬಂದಿದ್ದರೆ? ಪೂರ್ತಿ 3,000ಕ್ಕೂ ತೆರಿಗೆ. ಎರಡನ್ನೂ ಕೂಡಿಸಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ನಷ್ಟ ಒಯ್ಯುವ ಹಾಗೂ ಇಲ್ಲ. ನಷ್ಟದ ಮಾರಾಟದಲ್ಲೂ 900 ರೂಪಾಯಿ ಟಿಡಿಎಸ್ ಕಡಿತವಾಗುತ್ತದೆ, ಅದು ಬೇರೆ.

ಮೆಟ್ಟಿಲಾಗಿ ಬಳಸುವವರಿಗೂ ಒಂದು ಮಾತು. ರೂಪಾಯಿ ಕೊಟ್ಟು ಯುಎಸ್‌ಡಿಟಿ ಕೊಂಡು, ಅದರಿಂದ ಇನ್ನೊಂದು ಕಾಯಿನ್ ಕೊಂಡರೆ ಅದು ಕಾನೂನಿನ ಪ್ರಕಾರ ಯುಎಸ್‌ಡಿಟಿಯ ಮಾರಾಟವೇ. "ನಾನಿನ್ನೂ ದುಡ್ಡು ಹೊರಗೆ ತೆಗೆದಿಲ್ಲ" ಅನ್ನುವ ವಾದ ನಡೆಯುವುದಿಲ್ಲ. ಕಾಯಿನ್‌ಗೆ ಕಾಯಿನ್ ಬದಲಾಯಿಸಿದಾಗ ಕೊಟ್ಟವರಿಗೂ ಕಡಿತ, ಪಡೆದವರಿಗೂ ಕಡಿತ. ದಿನಕ್ಕೆ ನಾಲ್ಕಾರು ಸಲ ಒಳಗೆ ಹೊರಗೆ ಮಾಡುವವರ ಬಂಡವಾಳ ಹೀಗೆ ಒಂದೊಂದು ಶೇಕಡಾ ಕರಗಿ, ಮರುಪಾವತಿ ಬರುವವರೆಗೆ ಇಲಾಖೆಯ ಬಳಿ ಕೂತಿರುತ್ತದೆ. ನನಗೆ ಕೇಳಿದರೆ ಶೇ. 30ಕ್ಕಿಂತ ಈ ಶೇ. 1ರದ್ದೇ ಜಾಸ್ತಿ ಕಾಟ.

ನಿಮ್ಮದೇ ಒಂದು ವಾಲೆಟ್‌ನಿಂದ ನಿಮ್ಮದೇ ಇನ್ನೊಂದು ವಾಲೆಟ್‌ಗೆ ಕಳಿಸಿದರೆ ಮಾರಾಟವಲ್ಲ, ತೆರಿಗೆ ಇಲ್ಲ. ಆದರೆ ಎರಡೂ ನಿಮ್ಮದೇ ಅಂತ ನಾಳೆ ತೋರಿಸಬೇಕಾಗುತ್ತದೆ. ಟ್ರಾನ್ಸಾಕ್ಷನ್ ಐಡಿ ಉಳಿಸಿಕೊಳ್ಳಿ.

ಪಿ2ಪಿ: ಹೆಚ್ಚು ಜನ ಸಿಕ್ಕಿಬೀಳುವ ಜಾಗ

ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟ. ದರ ಎರಡು ರೂಪಾಯಿ ಚೆನ್ನಾಗಿ ಸಿಗುತ್ತದೆ ಅಂತ ಜನ ಇಲ್ಲಿಗೆ ಬರುತ್ತಾರೆ. ಇದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ.

ಮೊದಲನೆಯದು ಪೊಲೀಸರ ಕಡೆಯಿಂದ. ದಾವಣಗೆರೆಯಲ್ಲಿ ಕೂತವರೊಬ್ಬರು 500 ಯುಎಸ್‌ಡಿಟಿ ಮಾರುತ್ತಾರೆ ಅಂದುಕೊಳ್ಳಿ. ಕೊಳ್ಳುವವನ ಹೆಸರು ಆ್ಯಪ್‌ನಲ್ಲಿ ಒಂದು, ಐಎಂಪಿಎಸ್‌ನಲ್ಲಿ 46,000 ಬಂದ ಖಾತೆಯ ಹೆಸರು ಇನ್ನೊಂದು. ದುಡ್ಡು ಬಂತಲ್ಲ ಅಂತ ನಾಣ್ಯ ಬಿಟ್ಟುಕೊಡುತ್ತಾರೆ. ನಾಲ್ಕು ದಿನ ಕಳೆದು ಪೆಟ್ರೋಲ್ ಬಂಕ್‌ನಲ್ಲಿ ಯುಪಿಐ ಮಾಡಿದರೆ ಹೋಗುತ್ತಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ "ಸೈಬರ್ ದೂರು ಇದೆ ಸರ್, ಲಿಯನ್ ಹಾಕಿದ್ದೇವೆ" ಅನ್ನುತ್ತಾರೆ, ಅಂದರೆ ಹಣ ತಡೆಹಿಡಿದಿದ್ದಾರೆ. ಆಗಿದ್ದೇನು? ಬೇರೆ ರಾಜ್ಯದ ಯಾರೋ ಒಬ್ಬರಿಗೆ ವಂಚನೆಯಾಗಿದೆ, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದಾರೆ, ಅವರ ಖಾತೆಯಿಂದ ಹೊರಟ ಹಣ ಮೂರು ನಾಲ್ಕು ಖಾತೆ ದಾಟಿ ನಿಮ್ಮ ಖಾತೆಗೆ ಬಂದಿದೆ. ವಂಚಕನ ಕೈಗೆ ಈಗ ನಿಮ್ಮ ಯುಎಸ್‌ಡಿಟಿ ಸೇರಿದೆ. ಪೊಲೀಸರಿಗೆ ಕಾಣುವ ಕೊನೆಯ ಹೆಸರು ನಿಮ್ಮದು.

ಹೀಗಾದರೆ ಗಾಬರಿಯಾಗಿ ಯಾರಿಗೋ ದುಡ್ಡು ಕೊಟ್ಟು "ಸೆಟಲ್" ಮಾಡಿಸಿಕೊಳ್ಳಲು ಹೋಗಬೇಡಿ. ಬ್ಯಾಂಕಿನಿಂದ ಬರವಣಿಗೆಯಲ್ಲಿ ಮೂರು ವಿಷಯ ಕೇಳಿ: ದೂರಿನ ಸ್ವೀಕೃತಿ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಡೆ. ಪೂರ್ತಿ ಖಾತೆ ಕಟ್ಟಿಹಾಕಿದ್ದರೆ, ವಿವಾದದ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡಿ ಎಂದು ಅರ್ಜಿ ಕೊಡಿ. ಆಮೇಲೆ ಆ ಠಾಣೆಯ ತನಿಖಾಧಿಕಾರಿಗೆ ದಾಖಲೆ ಸಮೇತ ಇಮೇಲ್ ಮಾಡಿ: ಆ್ಯಪ್‌ನ ಆರ್ಡರ್ ಪುಟ, ಚಾಟ್, ಬ್ಯಾಂಕ್ ಸ್ಟೇಟ್‌ಮೆಂಟ್, ನಾಣ್ಯ ಹೋದ ಟ್ರಾನ್ಸಾಕ್ಷನ್ ಐಡಿ. ಅದರಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೋ ಹೈಕೋರ್ಟಿಗೋ ವಕೀಲರ ಮೂಲಕ ಹೋಗಬೇಕು. ವಾರಗಳೇ ಹಿಡಿಯಬಹುದು. ಸಂಬಳದ ಖಾತೆ ಇದರಲ್ಲಿ ಸೇರಬಾರದು ಅಂದದ್ದು ಇದಕ್ಕೇ. ನೀವೇ ಮೋಸ ಹೋದವರಾದರೆ 1930ಕ್ಕೆ ಕೂಡಲೇ ಫೋನ್ ಮಾಡಿ, ಆಮೇಲೆ ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ, ಹೋಗಿ.

ಮಾರುವಾಗ ಎಚ್ಚರ ಏನು? ಹೆಸರು ಹೊಂದದ ಖಾತೆಯಿಂದ ಹಣ ಬಂದರೆ ಆರ್ಡರ್ ರದ್ದು ಮಾಡಿ, ಬಂದ ಹಣವನ್ನು ಆ್ಯಪ್‌ನ ದೂರು ವಿಭಾಗದ ಮೂಲಕವೇ ಅದೇ ಖಾತೆಗೆ ವಾಪಸ್ ಕಳಿಸಿ. ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಮಾತು ಮುಗಿಸೋಣ ಬನ್ನಿ ಎನ್ನುವವನ ಜೊತೆ ವ್ಯವಹಾರವೇ ಬೇಡ. ಮಾರುಕಟ್ಟೆಗಿಂತ ಜಾಸ್ತಿ ದರ ಕೊಡುತ್ತೇನೆ ಎನ್ನುವವನು ದಾನ ಮಾಡಲು ಬಂದಿರುವುದಿಲ್ಲ. ನಗದು ವ್ಯವಹಾರವಂತೂ ಇನ್ನೂ ಕೆಟ್ಟದ್ದು. ಒಂದೇ ದಿನ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ 269ಎಸ್‌ಟಿ ಪ್ರಕಾರ ಪಡೆದಷ್ಟೇ ದಂಡ ಬೀಳಬಹುದು.

ಎರಡನೆಯ ತೊಂದರೆ ಟಿಡಿಎಸ್‌ದು, ಇದು ಕೊಳ್ಳುವವನ ತಲೆಗೆ ಬರುತ್ತದೆ. ಭಾರತದ ಎಕ್ಸ್‌ಚೇಂಜ್‌ನಲ್ಲಿ ಕೊಂಡಾಗ ಕಡಿತದ ಕೆಲಸ ಅವರೇ ಮಾಡುತ್ತಾರೆ. ನೇರವಾಗಿ ಇನ್ನೊಬ್ಬ ಭಾರತೀಯ ನಿವಾಸಿಯಿಂದ ಕೊಂಡರೆ ಶೇ. 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದವರು ನೀವು. ಸಂಬಳದಾರರಿಗೆ, ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ಈ ಜವಾಬ್ದಾರಿ ಇಲ್ಲ. ಉಳಿದವರಿಗೆ ಆ ಮಿತಿ 10,000. ಸಣ್ಣ ವ್ಯಾಪಾರಿ ಅಂದರೆ ಹಿಂದಿನ ವರ್ಷ ವಹಿವಾಟು 1 ಕೋಟಿ ದಾಟದವರು, ವೃತ್ತಿನಿರತರಾದರೆ 50 ಲಕ್ಷ ದಾಟದವರು. ಮಾರುವವನ ಪ್ಯಾನ್ ಬೇಕು. ಪ್ಯಾನ್ ಇಲ್ಲದಿದ್ದರೆ ಶೇ. 20 ಹಿಡಿಯಬೇಕು. ಕಟ್ಟಲು ಸಂಬಳದಾರರಿಗೆ ಟ್ಯಾನ್ (ತೆರಿಗೆ ಕಡಿತ ಮಾಡುವವರು ಪಡೆಯುವ ಸಂಖ್ಯೆ) ಬೇಕಿಲ್ಲ. ಹಳೆಯ ಕಾಯ್ದೆಯಲ್ಲಿ ಇದಕ್ಕೆ 26ಕ್ಯೂಇ ಎಂಬ ಚಲನ್ ನಮೂನೆ ಇತ್ತು, ಕಡಿತ ಮಾಡಿದ ತಿಂಗಳು ಮುಗಿದ ಮೇಲೆ 30 ದಿನದೊಳಗೆ ಕಟ್ಟಬೇಕಿತ್ತು. ಈಗ ಕಟ್ಟುವವರು ಪೋರ್ಟಲ್‌ನಲ್ಲಿ ಹೊಸ ನಮೂನೆಯ ಸಂಖ್ಯೆ ನೋಡಿಕೊಂಡು ತುಂಬಿ. ಹಿಡಿಯದೇ ಬಿಟ್ಟರೆ ತಿಂಗಳಿಗೆ ಶೇ. 1, ಹಿಡಿದೂ ಕಟ್ಟದಿದ್ದರೆ ತಿಂಗಳಿಗೆ ಶೇ. 1.5 ಬಡ್ಡಿ, ಮೇಲೆ ದಂಡದ ಭಯ.

ಅಪರಿಚಿತನೊಬ್ಬ ಟೆಲಿಗ್ರಾಂನಲ್ಲಿ ತನ್ನ ಪ್ಯಾನ್ ಕೊಟ್ಟು, "ಒಂದು ಪರ್ಸೆಂಟ್ ಹಿಡ್ಕೊಳ್ಳಿ ಸಾರ್" ಅನ್ನುವುದನ್ನು ಯಾರಾದರೂ ಕಂಡಿದ್ದೀರಾ? ಅದಕ್ಕೇ ಹೇಳುವುದು, ಕಾನೂನು ಪಾಲಿಸಿ ಪಿ2ಪಿ ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ.

ದುಡಿಮೆಗೆ ಯುಎಸ್‌ಡಿಟಿ ಪಡೆಯುವವರು, ಗಲ್ಫ್‌ನಿಂದ ಕಳಿಸುವವರು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಹೊರದೇಶದ ಕಂಪನಿಗಳಿಗೆ ಕೋಡ್ ಬರೆಯುವ, ಡಿಸೈನ್ ಮಾಡುವ ಹುಡುಗ ಹುಡುಗಿಯರಿಗೆ ಸ್ಟೇಬಲ್‌ಕಾಯಿನ್‌ನಲ್ಲಿ ಸಂಭಾವನೆ ಕೊಡುವವರಿದ್ದಾರೆ. ಬಂದ ದಿನದ ರೂಪಾಯಿ ಮೌಲ್ಯ ನಿಮ್ಮ ವೃತ್ತಿ ಆದಾಯ, ಅದಕ್ಕೆ ಸ್ಲ್ಯಾಬ್ ಪ್ರಕಾರ ತೆರಿಗೆ. ಆಮೇಲೆ ಮಾರಿದಾಗ ಆ ದಿನದ ಮೌಲ್ಯವನ್ನೇ ಕೊಂಡ ಬೆಲೆ ಅಂತ ಹಿಡಿದು, ಅದಕ್ಕಿಂತ ಹೆಚ್ಚು ಬಂದದ್ದಕ್ಕೆ ಶೇ. 30. ಆಡಿಟರ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕುವುದು ಹೀಗೆ. ಆದ್ದರಿಂದ ನಾಣ್ಯ ಬಂದ ದಿನವೇ ದರದ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ದೊಡ್ಡ ತಲೆನೋವು ಇದಲ್ಲ, ಜಿಎಸ್‌ಟಿ. ಹೊರದೇಶಕ್ಕೆ ಕೊಟ್ಟ ಸೇವೆ ರಫ್ತು ಅನ್ನಿಸಿಕೊಂಡು ಜಿಎಸ್‌ಟಿ ಸೊನ್ನೆಯಾಗಬೇಕಾದರೆ ಹಣ ವಿದೇಶಿ ಕರೆನ್ಸಿಯಲ್ಲಿ, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು. ಬ್ಯಾಂಕ್ ಮೂಲಕ ಬಂದರೆ ಅದಕ್ಕೊಂದು ಒಳಬಂದ ಹಣದ ದೃಢೀಕರಣ ಪತ್ರ ಸಿಗುತ್ತದೆ. ಯುಎಸ್‌ಡಿಟಿ ಬಂದರೆ ಯಾವ ಬ್ಯಾಂಕೂ ಆ ಪತ್ರ ಕೊಡುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವವರಿಗೆ ಅಧಿಕಾರಿ "ಇದು ರಫ್ತಲ್ಲ, ಶೇ. 18 ಕಟ್ಟಿ" ಎಂದರೆ ತೋರಿಸಲು ಕಾಗದ ಇರುವುದಿಲ್ಲ. ಸಾಧ್ಯವಾದಷ್ಟು ಕ್ಲೈಂಟ್‌ಗೆ ಬ್ಯಾಂಕ್ ಮೂಲಕವೇ ಕಳಿಸಲು ಹೇಳಿ. ಎರಡು ಪರ್ಸೆಂಟ್ ಶುಲ್ಕ ಹೋದರೂ ನಷ್ಟವಿಲ್ಲ.

ಕರಾವಳಿಯಲ್ಲಿ ಮನೆಗೊಬ್ಬರು ದುಬೈಯಲ್ಲೋ ದೋಹಾದಲ್ಲೋ ಇರುವ ಊರುಗಳಿವೆ. "ಅಲ್ಲಿ ದಿರ್ಹಂ ಕೊಡಿ, ನಾವು ಯುಎಸ್‌ಡಿಟಿಯಲ್ಲಿ ಕಳಿಸುತ್ತೇವೆ, ಊರಲ್ಲಿ ನಮ್ಮ ಹುಡುಗ ಮನೆಗೇ ದುಡ್ಡು ತಂದುಕೊಡುತ್ತಾನೆ" ಎನ್ನುವವರ ಮಾತಿಗೆ ಮರುಳಾಗಬೇಡಿ. ಇದು ಹವಾಲಾ, ದಾರಿ ಮಾತ್ರ ಹೊಸದು. ಹೊರದೇಶದವರ ಪರವಾಗಿ ಬರುವ ಹಣವನ್ನು ಅಧಿಕೃತ ವ್ಯಕ್ತಿ ಅಥವಾ ಬ್ಯಾಂಕಿನ ಹೊರತು ಬೇರೆ ದಾರಿಯಲ್ಲಿ ಪಡೆಯುವುದು ಫೆಮಾ 3ನೇ ಸೆಕ್ಷನ್‌ಗೆ ವಿರುದ್ಧ, ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ. ಇಲ್ಲಿ ಸಿಕ್ಕಿಬೀಳುವವರು ದುಬೈಯಲ್ಲಿರುವ ಮಗ ಅಲ್ಲ, ಊರಲ್ಲಿ ದುಡ್ಡು ತಗೊಂಡ ಅಪ್ಪ ಅಮ್ಮ.

ಕೊಂಡ ಮೇಲೆ ಇಟ್ಟುಕೊಳ್ಳುವುದು

ಸುಮ್ನೆ ಇಟ್ಟುಕೊಂಡರೆ ತೆರಿಗೆ ಇಲ್ಲ. ಮಾರಿದಾಗ, ಬದಲಾಯಿಸಿದಾಗ, ಅದರಿಂದ ಏನಾದರೂ ಕೊಂಡಾಗ ತೆರಿಗೆ.

ಬೆಲೆ ಕದಲುವುದೇ ಇಲ್ಲ ಅಂತ ನಂಬಬೇಡಿ. 2022ರ ಮೇನಲ್ಲಿ ಟೆರಾಯುಎಸ್‌ಡಿ ಕೆಲವೇ ದಿನದಲ್ಲಿ ಕುಸಿದು ಹೋಯಿತು. ಅದರ ಹಿಂದೆ ಡಾಲರ್ ಇರಲಿಲ್ಲ, ಲೆಕ್ಕಾಚಾರದ ಒಂದು ವ್ಯವಸ್ಥೆ ಮಾತ್ರ ಇತ್ತು. ನಿಜವಾದ ಡಾಲರ್ ಇಟ್ಟಿರುವ ಯುಎಸ್‌ಡಿಸಿಯೂ 2023ರ ಮಾರ್ಚ್‌ನಲ್ಲಿ 88 ಸೆಂಟ್ ಹತ್ತಿರ ಬಿದ್ದು ಎದ್ದಿತು; ಅದರ 330 ಕೋಟಿ ಡಾಲರ್ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನಲ್ಲಿ ಸಿಕ್ಕಿಕೊಂಡಿತ್ತು. ಆ ಹೊತ್ತಿನಲ್ಲಿ ಹೆದರಿ ಮಾರಿದ ಭಾರತೀಯನಿಗೆ ನಷ್ಟವನ್ನು ಎಲ್ಲೂ ಹೊಂದಿಸಿಕೊಳ್ಳುವ ದಾರಿ ಇರಲಿಲ್ಲ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೂ ತನ್ನ ಮೀಸಲಿನ ಬಗ್ಗೆ ತಪ್ಪು ಹೇಳಿದ್ದಕ್ಕೆ 2021ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 4.1 ಕೋಟಿ ಡಾಲರ್ ದಂಡ ಬಿದ್ದಿದೆ.

ಹೆಂಡತಿ ಹೆಸರಿಗೆ ಹಾಕಿದರೆ? ಗಂಡ, ಹೆಂಡತಿ, ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಉಡುಗೊರೆ ಕೊಟ್ಟರೆ ಪಡೆದವರಿಗೆ ತೆರಿಗೆ ಇಲ್ಲ. ಗೆಳೆಯನಿಗೆ ಕೊಟ್ಟರೆ, ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ಅವನ ಆದಾಯ. ಹೆಂಡತಿಗೆ ಕೊಟ್ಟದ್ದನ್ನು ಅವರು ಮಾರಿ ಲಾಭ ಮಾಡಿದರೆ ಆ ಲಾಭ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಅಂದರೆ ಏನೂ ಉಳಿಯುವುದಿಲ್ಲ.

ಹೊರದೇಶದ ಎಕ್ಸ್‌ಚೇಂಜ್‌ನಲ್ಲಿ ಇಟ್ಟಿದ್ದರೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಿ. ಕಡ್ಡಾಯವೇ ಎಂದು ವಾದ ಮಾಡುವವರಿದ್ದಾರೆ, ಆದರೆ ತೋರಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ವಿದೇಶಿ ಆಸ್ತಿ ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಇದೆ. ಸ್ಥಿರಾಸ್ತಿ ಬಿಟ್ಟು ಉಳಿದವು ಒಟ್ಟು 20 ಲಕ್ಷ ದಾಟದಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡವಿಲ್ಲ.

ರಿಟರ್ನ್ ತುಂಬುವಾಗ

ಐಟಿಆರ್-1 ಮರೆತುಬಿಡಿ. ಕ್ರಿಪ್ಟೋ ಮಾರಿದ್ದರೆ ಸಂಬಳದಾರರಿಗೆ ಐಟಿಆರ್-2, ವ್ಯಾಪಾರ ಅಂತ ತೋರಿಸುವವರಿಗೆ ಐಟಿಆರ್-3. ಅದರಲ್ಲಿ ಕ್ರಿಪ್ಟೋಗೆಂದು ಶೆಡ್ಯೂಲ್ ವಿಡಿಎ (ವರ್ಚುವಲ್ ಡಿಜಿಟಲ್ ಅಸೆಟ್) ಎಂಬ ಪುಟ ಇದೆ. ಪ್ರತಿ ಮಾರಾಟಕ್ಕೂ ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ಹಾಕಬೇಕು. ಎಕ್ಸ್‌ಚೇಂಜ್‌ಗಳು ವರ್ಷದ ತೆರಿಗೆ ವರದಿಯನ್ನು ಎಕ್ಸೆಲ್‌ನಲ್ಲಿ ಕೊಡುತ್ತವೆ. ಅದನ್ನು ಏಪ್ರಿಲ್‌ನಲ್ಲೇ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್ ಮುಚ್ಚಿಹೋದರೆ ವರದಿಯೂ ಅದರ ಜೊತೆ ಹೋಗುತ್ತದೆ.

ಬೇರೆ ಬೇರೆ ದರದಲ್ಲಿ ಕೊಂಡಿದ್ದರೆ ಯಾವುದನ್ನು ಮೊದಲು ಮಾರಿದಿರಿ ಎನ್ನುವ ಪ್ರಶ್ನೆ ಬರುತ್ತದೆ. ಮೊದಲು ಕೊಂಡದ್ದು ಮೊದಲು ಮಾರಿದೆ ಎಂಬ ಲೆಕ್ಕವೇ ರೂಢಿಯಲ್ಲಿದೆ. ಅದನ್ನೇ ಹಿಡಿಯಿರಿ, ವರ್ಷವರ್ಷ ಬದಲಾಯಿಸಬೇಡಿ.

ತುಂಬುವ ಮುಂಚೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ತೆರಿಗೆ ಮತ್ತು ವ್ಯವಹಾರದ ಪಟ್ಟಿಗಳಾದ 26ಎಎಸ್ ಮತ್ತು ಎಐಎಸ್ ತೆಗೆದು ನೋಡಿ. ನಿಮ್ಮ ಮಾರಾಟಕ್ಕೆ ಹಿಡಿದ ಟಿಡಿಎಸ್ ಅಲ್ಲಿ ಬಂದಿರುತ್ತದೆ. ಅಂದರೆ ನೀವು ಮಾರಿದ್ದು ಇಲಾಖೆಗೆ ಮೊದಲೇ ಗೊತ್ತು. 2025ರಲ್ಲಿ ಇಲಾಖೆ ಸಾವಿರಾರು ಜನರಿಗೆ "ನಿಮ್ಮ ಕ್ರಿಪ್ಟೋ ಆದಾಯ ರಿಟರ್ನ್‌ನಲ್ಲಿ ಕಾಣುತ್ತಿಲ್ಲ, ಒಮ್ಮೆ ನೋಡಿ" ಎಂದು ಮೇಲ್ ಕಳಿಸಿತು. 2026ರ ಏಪ್ರಿಲ್‌ನಿಂದ ಎಕ್ಸ್‌ಚೇಂಜ್‌ಗಳೇ ನೇರವಾಗಿ ವ್ಯವಹಾರದ ವಿವರ ಕೊಡಬೇಕೆಂಬ ನಿಯಮವೂ ಸೇರಿದೆ. ತಲಾಶಿಯಲ್ಲಿ ಸಿಕ್ಕಿದ ಲೆಕ್ಕವಿಲ್ಲದ ಕ್ರಿಪ್ಟೋವನ್ನು ಬಹಿರಂಗಪಡಿಸದ ಆದಾಯವೆಂದು ಹಿಡಿಯುವ ತಿದ್ದುಪಡಿ 2025ರ ಫೆಬ್ರವರಿ 1ರಿಂದಲೇ ಇದೆ.

ವರ್ಷದ ತೆರಿಗೆ ಟಿಡಿಎಸ್ ಕಳೆದು 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ನಾಲ್ಕರಲ್ಲೂ 15ನೇ ತಾರೀಕು. ತಪ್ಪಿದರೆ ಬಡ್ಡಿ.

ಹಿಂದಿನ ವರ್ಷಗಳಲ್ಲಿ ತೋರಿಸದೇ ಬಿಟ್ಟಿದ್ದರೆ ಐಟಿಆರ್-ಯು ಎಂಬ ನವೀಕರಿಸಿದ ರಿಟರ್ನ್ ಇದೆ. ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದು 48 ತಿಂಗಳವರೆಗೆ ತುಂಬಬಹುದು. ಬೆಲೆ ಇದೆ: ಮೊದಲ 12 ತಿಂಗಳಲ್ಲಾದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನೂ ಶೇ. 25, 24 ತಿಂಗಳಾದರೆ 50, 36ಕ್ಕೆ 60, 48ಕ್ಕೆ 70. ಇದರಲ್ಲಿ ಮರುಪಾವತಿ ಕೇಳುವ ಹಾಗಿಲ್ಲ, ನಷ್ಟ ತೋರಿಸುವ ಹಾಗೂ ಇಲ್ಲ. 2022-23ರಲ್ಲಿ ಮಾರಿ ಮರೆತಿದ್ದವರಿಗೆ ಅಸೆಸ್‌ಮೆಂಟ್ ವರ್ಷ 2023-24, ಅಂದರೆ 2028ರ ಮಾರ್ಚ್ 31ರವರೆಗೆ ಅವಕಾಶ. ಇಲಾಖೆ ಮೊದಲೇ ಆ ವರ್ಷದ ತನಿಖೆ ಶುರು ಮಾಡಿದರೆ ಈ ಬಾಗಿಲು ಮುಚ್ಚಿಬಿಡಬಹುದು. ಆದ್ದರಿಂದ ಹಳೆಯ ಎಕ್ಸ್‌ಚೇಂಜ್‌ನ ಲಾಗಿನ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ವರದಿ ಇಳಿಸಿಕೊಂಡು, ಆಡಿಟರ್ ಹತ್ತಿರ ಹೋಗಿ ಬನ್ನಿ.